ಚಂಡಮಾರುತ ರಾಯಚೂರಿಗೆ ಬರುವ ದಾರಿ

ಮಕ್ಕಳೇ, ನಿಮ್ಮ ಅಟ್ಲಾಸ್‌ನಲ್ಲಿ ದಕ್ಷಿಣ ಭಾರತದ ಪುಟ ತೆಗೆಯಿರಿ. ರಾಯಚೂರಿನ ಮೇಲೆ ಸ್ಕೇಲ್ ಇಟ್ಟು ನೇರ ಪೂರ್ವಕ್ಕೆ ಒಂದು ಗೆರೆ ಎಳೆಯಿರಿ. ಆ ಗೆರೆ ಕೃಷ್ಣಾ ನದಿಯ ಆಚೀಚೆ ಸಾಗಿ ಆಂಧ್ರದ ಮಚಲಿಪಟ್ಟಣಂ ಹತ್ತಿರ ಬಂಗಾಳಕೊಲ್ಲಿಯನ್ನು ಮುಟ್ಟುತ್ತದೆ. ಎರಡೂ ಊರುಗಳು ಹೆಚ್ಚುಕಡಿಮೆ 16.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ನಡುವಿನ ದೂರ ಸುಮಾರು 400 ಕಿಲೋಮೀಟರ್. ಅದೇ ಗೆರೆಯನ್ನು ಪಶ್ಚಿಮಕ್ಕೆ ಎಳೆದರೆ ಅರಬ್ಬಿ ಸಮುದ್ರಕ್ಕೂ ಸುಮಾರು ಅಷ್ಟೇ ದೂರ. ಅಂದರೆ ರಾಯಚೂರು ಎರಡು ಕಡಲುಗಳ ನಟ್ಟನಡುವೆ ಕೂತ ಊರು.

"ಹಾಗಾದ್ರೆ ಚಂಡಮಾರುತದ ಸುದ್ದಿ ನಮಗ್ಯಾಕೆ?" ಎಂದು ನೀವು ಕೇಳಬಹುದು. ಟಿವಿಯಲ್ಲಿ ತೆಂಗಿನ ಮರ ಬಾಗುವುದನ್ನು, ಅಲೆಗಳು ರಸ್ತೆಗೆ ಹಾರುವುದನ್ನು ತೋರಿಸುತ್ತಾರೆ. ಚಂಡಮಾರುತ ದಡಕ್ಕೆ ಅಪ್ಪಳಿಸಿದ ಮರುದಿನ ಕ್ಯಾಮೆರಾಗಳು ಮನೆಗೆ ಹೋಗುತ್ತವೆ. ಚಂಡಮಾರುತ ಮಾತ್ರ ಮನೆಗೆ ಹೋಗುವುದಿಲ್ಲ. ಅದರ ಗಾಳಿ ಸೊರಗುತ್ತದೆ, ಮಳೆ ಮುಂದಕ್ಕೆ ನಡೆಯುತ್ತದೆ. ಗಂಟೆಗೆ 15ರಿಂದ 20 ಕಿಲೋಮೀಟರ್ ವೇಗದಲ್ಲಿ ಸಾಗಿದರೆ 400 ಕಿಲೋಮೀಟರ್ ದಾಟಲು ಎಷ್ಟು ಹೊತ್ತು ಬೇಕು? ಲೆಕ್ಕ ಹಾಕಿ. ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು ಅಥವಾ ಕಡಿಮೆ. ಆ ಒಂದು ದಿನದಲ್ಲಿ ನಾವು ಏನೇನು ನೋಡಬಹುದು, ಏನೇನು ಬರೆದಿಡಬಹುದು ಎಂಬುದೇ ಈ ಬರಹದ ವಿಷಯ.

ಮೊದಲು, ಚಂಡಮಾರುತ ಹುಟ್ಟುವುದು ಹೇಗೆ? ಅದಕ್ಕೆ ಬಿಸಿ ಕಡಲು ಬೇಕು. ಮೇಲ್ಮೈ ನೀರು ಕನಿಷ್ಠ 26.5 ಡಿಗ್ರಿ ಸೆಲ್ಸಿಯಸ್ ಆದರೂ ಇರಬೇಕು. ಮೇಲಿನ ತೆಳು ಪದರ ಬಿಸಿಯಾದರೆ ಸಾಲದು, ಹತ್ತಾರು ಮೀಟರ್ ಆಳದವರೆಗೂ ಬೆಚ್ಚಗಿರಬೇಕು. ಆ ನೀರು ಆವಿಯಾಗಿ ಮೇಲೇರುತ್ತದೆ. ಆವಿಯಾಗುವಾಗ ನೀರು ಶಾಖವನ್ನು ಹೀರಿಕೊಳ್ಳುತ್ತದೆ. ಬೆವರಿದ ಮೈಗೆ ಗಾಳಿ ತಾಕಿದಾಗ ತಂಪೆನಿಸುವುದು ಅದಕ್ಕೇ. ಮೇಲೆ ಹೋದ ಆವಿ ತಣಿದು ಮೋಡದ ಹನಿಯಾದಾಗ, ಹೀರಿಕೊಂಡಿದ್ದ ಶಾಖವೆಲ್ಲ ಸುತ್ತಲಿನ ಗಾಳಿಗೆ ವಾಪಸು ಬರುತ್ತದೆ. ಬಿಸಿಯಾದ ಗಾಳಿ ಇನ್ನೂ ಮೇಲೇರುತ್ತದೆ, ಕೆಳಗೆ ಗಾಳಿಯ ಒತ್ತಡ ಇಳಿಯುತ್ತದೆ. ಆ ಜಾಗ ತುಂಬಲು ನಾಲ್ಕೂ ಕಡೆಯಿಂದ ತೇವದ ಗಾಳಿ ನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಹಾಗೆ ನುಗ್ಗುವ ಗಾಳಿ ನೇರ ಬರಲಾಗದೆ ನಮ್ಮ ಭಾಗದಲ್ಲಿ ಬಲಕ್ಕೆ ವಾಲುತ್ತದೆ. ಎಲ್ಲ ದಿಕ್ಕಿನಿಂದ ಬರುವ ಗಾಳಿಯೂ ಹೀಗೆ ವಾಲಿದಾಗ ಸುಳಿ ಹುಟ್ಟುತ್ತದೆ. ನಮ್ಮ ಉತ್ತರಾರ್ಧ ಗೋಳದಲ್ಲಿ ಆ ಸುಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಜಪಾನ್, ಫಿಲಿಪೈನ್ಸ್ ಕಡೆ ಇದನ್ನೇ ಟೈಫೂನ್ ಎನ್ನುತ್ತಾರೆ, ಅಮೆರಿಕದ ಕಡೆ ಹರಿಕೇನ್ ಎನ್ನುತ್ತಾರೆ.

ಸುಳಿಗೆ ಎರಡು ಚಲನೆಗಳಿವೆ. ಬುಗುರಿ ನೋಡಿದ್ದೀರಲ್ಲ? ಅದು ತನ್ನ ಸುತ್ತ ತಾನು ಭರ್‍ರನೆ ತಿರುಗುತ್ತಲೇ ನೆಲದ ಮೇಲೆ ನಿಧಾನವಾಗಿ ಜಾಗ ಬದಲಿಸುತ್ತದೆ. ಸುದ್ದಿಯಲ್ಲಿ "ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿ" ಎಂದರೆ ಅದು ತಿರುಗುವ ವೇಗ. ಚಂಡಮಾರುತ ಊರಿನಿಂದ ಊರಿಗೆ ಸಾಗುವ ವೇಗ ಬೇರೆ. ಅದು ಸಾಮಾನ್ಯವಾಗಿ ಸೈಕಲ್ ವೇಗದ ಆಸುಪಾಸಿನಲ್ಲೇ ಇರುತ್ತದೆ. ಇವೆರಡನ್ನೂ ಬೆರೆಸಿಕೊಂಡು "ನಾಲ್ಕು ಗಂಟೆಯೊಳಗೆ ರಾಯಚೂರಿಗೆ ಬಂದೇಬಿಡ್ತದ" ಎಂದು ಮೊಬೈಲಿನಲ್ಲಿ ಗಾಬರಿ ಹಬ್ಬಿಸುವವರಿದ್ದಾರೆ. ನೀವು ಅವರಿಗೆ ಲೆಕ್ಕ ಹೇಳಿಕೊಡಬಹುದು.

ಭಾರತ ಹವಾಮಾನ ಇಲಾಖೆ ಈ ಸುಳಿಗಳನ್ನು ಗಾಳಿಯ ವೇಗ ನೋಡಿ ವಿಂಗಡಿಸುತ್ತದೆ. ಗಂಟೆಗೆ 31ರಿಂದ 49 ಕಿಲೋಮೀಟರ್ ಇದ್ದರೆ ವಾಯುಭಾರ ಕುಸಿತ. 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ. 62 ದಾಟಿದರೆ ಚಂಡಮಾರುತ, ಆಗ ಅದಕ್ಕೊಂದು ಹೆಸರು ಸಿಗುತ್ತದೆ. ನಮ್ಮ ಸುತ್ತಲಿನ 13 ದೇಶಗಳು ಸೇರಿ 2020ರಲ್ಲಿ 169 ಹೆಸರುಗಳ ಪಟ್ಟಿ ಮಾಡಿವೆ. ಭಾರತ ಕೊಟ್ಟ 13 ಹೆಸರುಗಳಲ್ಲಿ ಗತಿ, ತೇಜ್, ವ್ಯೋಮ್, ಅಂಬುದ್, ಜಲಧಿ ಇವೆಲ್ಲ ಸೇರಿವೆ. ಗಾಳಿಯ ವೇಗ 222 ದಾಟಿದರೆ ಸೂಪರ್ ಚಂಡಮಾರುತ.

ಆದರೆ ರಾಯಚೂರಿನವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹೆಸರು ಸಿಕ್ಕ ಸುಳಿಯಷ್ಟೇ ಅಪಾಯಕಾರಿ ಎಂದು ತಿಳಿಯಬೇಡಿ. 2009ರಲ್ಲಿ ಏನಾಯಿತು ಎಂದು ನಿಮ್ಮ ಅಜ್ಜಿ ಅಥವಾ ಅಪ್ಪನನ್ನು ಕೇಳಿ. ಆ ವರ್ಷ ಮುಂಗಾರು ಕೈಕೊಟ್ಟಿತ್ತು, ಇಡೀ ದೇಶದಲ್ಲೇ ಬರದ ಮಾತು. ಸೆಪ್ಟೆಂಬರ್ ಕೊನೆಗೆ, ಹಸ್ತ ಮಳೆಯ ಹೊತ್ತಿಗೆ, ಬಂಗಾಳಕೊಲ್ಲಿಯ ಕಡೆಯ ಕಡಿಮೆ ಒತ್ತಡದ ಪ್ರದೇಶವೊಂದು ಒಳನಾಡಿಗೆ ಮಳೆ ಹೊತ್ತು ತಂದಿತು. ಅದು ಚಂಡಮಾರುತ ಎನ್ನಿಸಿಕೊಳ್ಳಲಿಲ್ಲ, ಅದಕ್ಕೆ ಹೆಸರೂ ಇರಲಿಲ್ಲ. ಆದರೂ ರಾಯಚೂರು, ವಿಜಯಪುರ, ಬಾಗಲಕೋಟೆ, ಕೊಪ್ಪಳ, ಬಳ್ಳಾರಿ, ಆಚೆ ಕರ್ನೂಲು ಎಲ್ಲ ಕಡೆ ದಿನಗಟ್ಟಲೆ ಜಡಿಮಳೆ. ತುಂಗಭದ್ರೆಗೆ ಸಾಮಾನ್ಯವಾಗಿ ನೀರು ಬರುವುದು ದೂರದ ಮಲೆನಾಡಿನಿಂದ. ಆ ಸಲ ಬಯಲುಸೀಮೆಯ ಹಳ್ಳಕೊಳ್ಳಗಳೇ ಉಕ್ಕಿ ನದಿಗೆ ನುಗ್ಗಿದವು. ಅಕ್ಟೋಬರ್ 2ರಂದು ಮಂತ್ರಾಲಯದ ಮಠಕ್ಕೇ ನೀರು ನುಗ್ಗಿತು. ಮಾನ್ವಿ ತಾಲ್ಲೂಕಿನ ನದಿದಂಡೆಯ ಊರುಗಳ ಜನ ಉಟ್ಟ ಬಟ್ಟೆಯಲ್ಲೇ ಎತ್ತರದ ಜಾಗಕ್ಕೆ ಓಡಿದರು. ಆಮೇಲೆ ಮನೆ ಕಳೆದುಕೊಂಡವರಿಗಾಗಿ "ಆಸರೆ" ಯೋಜನೆಯಲ್ಲಿ ಹೊಸ ಊರುಗಳೇ ಕಟ್ಟಲ್ಪಟ್ಟವು. ಈ ಭಾಗದಲ್ಲಿ ಓಡಾಡುವಾಗ ಒಂದೇ ನಮೂನೆಯ ಸಾಲುಮನೆಗಳನ್ನು ಕಂಡರೆ, ಅವು ಆ ಮಳೆಯ ಗುರುತು ಇರಬಹುದು.

ಅಕ್ಟೋಬರ್ ತಿಂಗಳೇ ಯಾಕೆ? ಜುಲೈ, ಆಗಸ್ಟ್‌ನಲ್ಲಿ ಕಡಲು ಬಿಸಿಯಾಗಿಯೇ ಇರುತ್ತದೆ. ಆಗ ಮುಂಗಾರಿನ ಗಾಳಿ ಕೆಳಗೆ ಒಂದು ದಿಕ್ಕಿಗೆ, ಬಹಳ ಎತ್ತರದಲ್ಲಿ ಅದರ ಎದುರು ದಿಕ್ಕಿಗೆ ಜೋರಾಗಿ ಬೀಸುತ್ತಿರುತ್ತದೆ. ಎದ್ದು ನಿಲ್ಲಬೇಕಾದ ಸುಳಿಯ ತಲೆ ಒಂದು ಕಡೆ, ಬುಡ ಒಂದು ಕಡೆ ಎಳೆದುಹೋಗುತ್ತದೆ. ಮುಂಗಾರು ಬರುವ ಮೊದಲು ಮತ್ತು ಅದು ಹಿಂದೆ ಸರಿದ ಮೇಲೆ ಈ ಎಳೆದಾಟ ಕಡಿಮೆ ಇರುತ್ತದೆ. ಹಾಗಾಗಿ ಏಪ್ರಿಲ್–ಮೇ ಒಂದು ಕಾಲ, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು ಕಾಲ. ನಮ್ಮ ರೈತರ ಮಳೆ ಲೆಕ್ಕದಲ್ಲಿ ಹಸ್ತ, ಚಿತ್ತ, ಸ್ವಾತಿ. ತೀವ್ರ ವಾಯುಭಾರ ಕುಸಿತವೊಂದು ಕಾಕಿನಾಡದ ಹತ್ತಿರ ದಡ ಸೇರಿದ್ದು 2020ರ ಅಕ್ಟೋಬರ್ 13ರಂದು, ಚಿತ್ತ ಮಳೆಯಲ್ಲಿ. ಮೊಂಥಾ ಚಂಡಮಾರುತ ಆಂಧ್ರದ ನರಸಾಪುರದ ಬಳಿ ದಡ ಮುಟ್ಟಿದ್ದು 2025ರ ಅಕ್ಟೋಬರ್ 28ರ ರಾತ್ರಿ, ಸ್ವಾತಿ ಮಳೆಯಲ್ಲಿ.

ಆ ಹೊತ್ತಿಗೆ ನಮ್ಮ ಹೊಲಗಳಲ್ಲಿ ಏನಿರುತ್ತದೆ ನೋಡಿ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ತೆನೆ ತುಂಬಿ ನಿಂತಿರುತ್ತದೆ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ಹೊಲಗಳಲ್ಲೂ ಅಷ್ಟೇ. ಹತ್ತಿ ಒಡೆದು ಬೆಳ್ಳಗಾಗಿರುತ್ತದೆ, ತೊಗರಿ ಹೂವಿಗೆ ಬಂದಿರುತ್ತದೆ. ಎರಡು ದಿನ ಗಾಳಿಮಳೆ ಹೊಡೆದರೆ ಭತ್ತ ನೆಲಕಚ್ಚುತ್ತದೆ, ಹತ್ತಿ ನೆನೆದು ಕಪ್ಪಾಗುತ್ತದೆ. ಒಂದು ದಿನ ಮೊದಲು ಗೊತ್ತಾದರೆ ಬಿಡಿಸಿದ ಹತ್ತಿಯನ್ನು ಮನೆಯೊಳಗೆ ಹಾಕಬಹುದು, ಒಣಗಲು ಹರಡಿದ ಭತ್ತಕ್ಕೆ ತಾಡಪತ್ರಿ ಹೊದಿಸಬಹುದು. ಹವಾಮಾನ ನೋಡುವ ಹವ್ಯಾಸ ನಮ್ಮ ಜಿಲ್ಲೆಯಲ್ಲಿ ಊಟದ ಪ್ರಶ್ನೆಗೆ ಸೇರಿದ್ದು.

ಈಗ ಕೆಲಸಕ್ಕೆ ಇಳಿಯೋಣ. ಗಾಳಿಯ ದಿಕ್ಕು ನೋಡಲು ಹಳೆಯ ಸೀರೆಯ ಅಂಚಿನ ಒಂದು ಮೊಳ ಬಟ್ಟೆ, ಒಂದು ಉದ್ದ ಕೋಲು ಬೇಕು. ಬಟ್ಟೆಯನ್ನು ಕೋಲಿನ ತುದಿಗೆ ಕಟ್ಟಿ ಮಾಳಿಗೆಯ ಮೇಲೆ ಬಿಗಿಯಾಗಿ ನಿಲ್ಲಿಸಿ. ಸುತ್ತ ಎತ್ತರದ ಗೋಡೆ, ಮರ ಇರಬಾರದು. ಉತ್ತರ ದಿಕ್ಕು ಬೇಕಲ್ಲ? ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಮಧ್ಯಾಹ್ನ ಹನ್ನೆರಡು ದಾಟಿದ ಕೆಲವು ನಿಮಿಷಕ್ಕೆ ಕೋಲಿನ ನೆರಳು ಅತಿ ಚಿಕ್ಕದಾಗುತ್ತದೆ. ಆಗ ನೆರಳು ತೋರಿಸುವುದೇ ಉತ್ತರ. ಸೀಮೆಸುಣ್ಣದಲ್ಲಿ ಮಾಳಿಗೆಯ ಮೇಲೆ ಗೆರೆ ಹಾಕಿ ನಾಲ್ಕೂ ದಿಕ್ಕು ಬರೆಯಿರಿ.

ಇನ್ನು ಸುಳಿ ಯಾವ ಕಡೆ ಇದೆ ಎಂದು ತಿಳಿಯುವ ಸೂತ್ರ. 1857ರಲ್ಲಿ ನೆದರ್‌ಲ್ಯಾಂಡ್ಸ್‌ನ ಬೈಸ್ ಬ್ಯಾಲಟ್ ಎಂಬ ವಿಜ್ಞಾನಿ ಇದನ್ನು ಪ್ರಕಟಿಸಿದರು. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಎಡಗೈ ಚಾಚಿ. ಉತ್ತರಾರ್ಧ ಗೋಳದಲ್ಲಿ ಕಡಿಮೆ ಒತ್ತಡದ ಕೇಂದ್ರ ಆ ಕೈಯ ಕಡೆಗೆ ಇರುತ್ತದೆ. ನೆಲದ ಮೇಲೆ ಗಾಳಿ ಗಿಡಮರ ಉಜ್ಜಿಕೊಂಡು ಬರುವುದರಿಂದ ಕೇಂದ್ರ ನೇರ ಎಡಕ್ಕಲ್ಲ, ಎಡಕ್ಕೆ ಸ್ವಲ್ಪ ಮುಂದಕ್ಕಿರುತ್ತದೆ. ಇಷ್ಟೇ. ಸಂಜೆಯ ಗುಡುಗುಮಳೆ ತನ್ನದೇ ಗಾಳಿ ಎಬ್ಬಿಸುತ್ತದೆ, ಅಂಥ ಹೊತ್ತಿನ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸುಳಿ ಬಹಳ ದೂರದಲ್ಲಿದ್ದಾಗ ಗಾಳಿ ಮಂದವಾಗಿ ದಿಕ್ಕು ಸರಿಯಾಗಿ ತಿಳಿಯದಿರಬಹುದು. ಹತ್ತಿರ ಬಂದಂತೆ ಸೂತ್ರ ಚೆನ್ನಾಗಿ ಕೆಲಸ ಮಾಡುತ್ತದೆ.

2020ರ ಆ ತೀವ್ರ ವಾಯುಭಾರ ಕುಸಿತವನ್ನೇ ಉದಾಹರಣೆ ಮಾಡಿಕೊಂಡು ಆಡಿ ನೋಡಿ. ಅದು ಕಾಕಿನಾಡದಿಂದ ತೆಲಂಗಾಣಕ್ಕೆ ಬಂದಿತು, ಹೈದರಾಬಾದಿನಲ್ಲಿ ಆ ರಾತ್ರಿ ಬೀದಿಗಳು ಹೊಳೆಯಾದವು. ಮುಂದೆ ಕಲಬುರಗಿ, ಸೊಲ್ಲಾಪುರದ ಕಡೆಗೆ ಸಾಗಿತು, ಭೀಮಾ ನದಿ ಉಕ್ಕಿತು. ಅಂದರೆ ಕೇಂದ್ರ ರಾಯಚೂರಿನ ಉತ್ತರಕ್ಕೆ ಹಾದುಹೋಯಿತು. ನೀವು ಮಾಳಿಗೆಯ ಮೇಲಿದ್ದೀರಿ ಎಂದುಕೊಳ್ಳಿ. ಕೇಂದ್ರ ಈಶಾನ್ಯದಲ್ಲಿದ್ದಾಗ ನಿಮ್ಮ ಎಡಗೈ ಈಶಾನ್ಯಕ್ಕೆ ಚಾಚಬೇಕಾದರೆ ನೀವು ಆಗ್ನೇಯಕ್ಕೆ ಮುಖ ಮಾಡಿರಬೇಕು, ಗಾಳಿ ವಾಯವ್ಯದಿಂದ ಬರಬೇಕು. ಕೇಂದ್ರ ನೇರ ಉತ್ತರಕ್ಕೆ ಬಂದಾಗ ಗಾಳಿ ಪಶ್ಚಿಮದ್ದಾಗಬೇಕು. ಅದು ವಾಯವ್ಯಕ್ಕೆ ದಾಟಿದಾಗ ನೈಋತ್ಯದ ಗಾಳಿ. ಗಾಳಿ ಹೀಗೆ ವಾಯವ್ಯ, ಪಶ್ಚಿಮ, ನೈಋತ್ಯ ಎಂದು ತಿರುಗಿದರೆ "ಸುಳಿ ನಮ್ಮ ಉತ್ತರಕ್ಕೆ ಹೋಯಿತು" ಎಂದು ಬರೆಯಿರಿ. ಅದೇ ಸುಳಿ ಕರ್ನೂಲಿನ ಕಡೆಯಿಂದ, ನಮ್ಮ ದಕ್ಷಿಣಕ್ಕೆ ಹಾದರೆ? ಗಾಳಿ ಉತ್ತರದಿಂದ ಈಶಾನ್ಯಕ್ಕೆ, ಪೂರ್ವಕ್ಕೆ ತಿರುಗುತ್ತದೆ. ಯಾಕೆ ಎಂದು ನೀವೇ ಮಾಳಿಗೆಯ ಮೇಲೆ ನಿಂತು ಕಂಡುಕೊಳ್ಳಿ. ಕೈ ಚಾಚಿ ತಿರುಗಿದರೆ ತಾನೇ ತಿಳಿಯುತ್ತದೆ.

ಇಲ್ಲೇ ನನಗೆ ಬಹಳ ಇಷ್ಟವಾದ ಸಂಗತಿ ಇದೆ. ರಾಯಚೂರು, ಮಾನ್ವಿ, ದೇವದುರ್ಗ ಮೂರನ್ನೂ ಗೆರೆಯಿಂದ ಜೋಡಿಸಿ. ಬದಿಗಳು ಒಂದೊಂದೂ ಸುಮಾರು 40ರಿಂದ 50 ಕಿಲೋಮೀಟರ್ ಉದ್ದದ ತ್ರಿಕೋನ ಬರುತ್ತದೆ. ಮೂರೂ ಊರಿನಲ್ಲಿ ಒಬ್ಬೊಬ್ಬ ಗೆಳೆಯ ಅಥವಾ ಗೆಳತಿ ಒಂದೇ ಹೊತ್ತಿಗೆ ಗಾಳಿಯ ದಿಕ್ಕು ನೋಡಿ ಫೋನಿನಲ್ಲಿ ಹೇಳಿಕೊಂಡರೆ? ಸುಳಿ ಮಚಲಿಪಟ್ಟಣಂ ಆಚೆ ಇರುವಾಗ ಮೂವರ ಎಡಗೈಗಳೂ ಹೆಚ್ಚುಕಡಿಮೆ ಒಂದೇ ದಿಕ್ಕು ತೋರಿಸುತ್ತವೆ, ನಕ್ಷೆಯ ಮೇಲೆ ಎಳೆದ ಗೆರೆಗಳು ಸಮಾನಾಂತರವಾಗಿ ಓಡುತ್ತವೆ. ಅದು ಹತ್ತಿರ ಬಂದಂತೆ ಕೈಗಳು ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ, ಗೆರೆಗಳು ಒಂದನ್ನೊಂದು ಕತ್ತರಿಸುತ್ತವೆ. ಕತ್ತರಿಸುವ ಜಾಗದ ಆಸುಪಾಸಿನಲ್ಲೇ ಕೇಂದ್ರ. ದೇವದುರ್ಗದವಳು "ನನಗೆ ಪೂರ್ವದ ಗಾಳಿ" ಎಂದು, ಅದೇ ಹೊತ್ತಿಗೆ ಮಾನ್ವಿಯವನು "ನನಗೆ ಪಶ್ಚಿಮದ ಗಾಳಿ" ಎಂದರೆ ಸುಳಿ ಎಲ್ಲಿದೆ? ಇಬ್ಬರ ನಡುವೆ, ಸಿರವಾರದ ಕಡೆ ಎಲ್ಲೋ!

ದೊಡ್ಡ ಯಂತ್ರಗಳಿರುವಾಗ ಇದೆಲ್ಲ ಯಾಕೆ ಎನ್ನಬೇಡಿ. ಇನ್ಸಾಟ್ ಸರಣಿಯ ಉಪಗ್ರಹಗಳು 36,000 ಕಿಲೋಮೀಟರ್ ಎತ್ತರದಿಂದ ಹಗಲು ರಾತ್ರಿ ಮೋಡದ ಚಿತ್ರ ಕಳಿಸುತ್ತವೆ. ಮಚಲಿಪಟ್ಟಣಂ, ಹೈದರಾಬಾದ್‌ನಲ್ಲಿ ಡಾಪ್ಲರ್ ರಾಡಾರ್‌ಗಳಿವೆ. ಇಷ್ಟೆಲ್ಲ ಇದ್ದೂ, ಒಂದು ದಿನ ಮೊದಲು ಹೇಳಿದ ಜಾಗಕ್ಕೂ ಸುಳಿಯ ಕೇಂದ್ರ ನಿಜವಾಗಿ ತಲುಪಿದ ಜಾಗಕ್ಕೂ ಸರಾಸರಿ ಸುಮಾರು 75 ಕಿಲೋಮೀಟರ್ ವ್ಯತ್ಯಾಸ ಬರುತ್ತದೆ. ಇದು ವಿಜ್ಞಾನಿಗಳ ಸೋಲಲ್ಲ. ಕೆಲವು ದಶಕಗಳ ಹಿಂದೆ ಈ ವ್ಯತ್ಯಾಸ ಇನ್ನೂ ಎಷ್ಟೋ ದೊಡ್ಡದಿತ್ತು. ಆದರೆ ನಮ್ಮ ತ್ರಿಕೋನದ ಬದಿ 50 ಕಿಲೋಮೀಟರ್ ಎಂಬುದು ನೆನಪಿರಲಿ. ಇಡೀ ತ್ರಿಕೋನವೇ ಆ ವ್ಯತ್ಯಾಸದೊಳಗೆ ಮುಳುಗಿಹೋಗುತ್ತದೆ. "ರಾಯಚೂರು ಜಿಲ್ಲೆಯಲ್ಲಿ ಭಾರಿ ಮಳೆ" ಎಂದು ಇಲಾಖೆ ಹೇಳಬಲ್ಲದು. ದೇವದುರ್ಗದಲ್ಲಿ 120 ಮಿಲಿಮೀಟರ್ ಬಿದ್ದು ಮಾನ್ವಿಯಲ್ಲಿ 20 ಬಿದ್ದರೆ ಅದನ್ನು ಹೇಳಬೇಕಾದವರು ನೆಲದ ಮೇಲೆ ಅಳೆಯುವವರು. ಅದಕ್ಕೇ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾನಾಗಿಯೇ ಮಾಹಿತಿ ಕಳಿಸುವ ಮಳೆಮಾಪಕಗಳನ್ನು ನಿಲ್ಲಿಸಿದೆ. ನಿಮ್ಮ ಊರಿನ ಪಂಚಾಯಿತಿ ಬಳಿ ಇದೆಯೇ ಹುಡುಕಿ ನೋಡಿ.

ನಿಮ್ಮದೇ ಮಳೆಮಾಪಕ ಮಾಡಿಕೊಳ್ಳುವುದು ಸುಲಭ. ನೇರ ಗೋಡೆಯ ಎರಡು ಲೀಟರ್ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ (ದೊಡ್ಡವರ ಕೈಯಲ್ಲಿ ಕತ್ತರಿಸಿಕೊಳ್ಳಿ), ಅದನ್ನೇ ತಲೆಕೆಳಗಾಗಿ ಲಾಳಿಕೆಯಂತೆ ಬಾಯಿಗೆ ಕೂರಿಸಿ. ಬಾಟಲಿಯ ತಳ ಗುಂಡಿಗುಂಡಿ ಇರುತ್ತದೆ, ಹಾಗಾಗಿ ಸಣ್ಣ ಹರಳು ಹಾಕಿ, ಗೋಡೆ ನೇರವಾಗುವಲ್ಲಿವರೆಗೆ ನೀರು ತುಂಬಿ, ಅಲ್ಲಿಗೆ ಸೊನ್ನೆ ಎಂದು ಗೆರೆ ಹಾಕಿ. ಅಲ್ಲಿಂದ ಮೇಲೆ ಸ್ಕೇಲಿನಲ್ಲಿ ಮಿಲಿಮೀಟರ್ ಗುರುತು ಮಾಡಿ. ಗಾಳಿಗೆ ಬೀಳದಂತೆ ಸುತ್ತ ಇಟ್ಟಿಗೆ ಇಡಿ. ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ, ನೀವೂ ಅದೇ ಹೊತ್ತಿಗೆ ಅಳೆಯಿರಿ. 24 ಗಂಟೆಯಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ ಮಳೆ.

ಒಂದು ಮಿಲಿಮೀಟರ್ ಎಂದರೆ ಸಣ್ಣದೆನಿಸುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಒಂದು ಎಕರೆಗೆ ಸುಮಾರು 4,000 ಲೀಟರ್. 100 ಮಿಲಿಮೀಟರ್ ಬಿದ್ದರೆ ಒಂದೇ ಎಕರೆಯ ಮೇಲೆ 4 ಲಕ್ಷ ಲೀಟರ್! ಇಡೀ ವರ್ಷಕ್ಕೆ 600 ಚಿಲ್ಲರೆ ಮಿಲಿಮೀಟರ್ ಮಳೆ ಕಾಣುವ ಜಿಲ್ಲೆ ನಮ್ಮದು. ಅದರಲ್ಲಿ ಆರನೆಯ ಒಂದು ಪಾಲು ಒಂದೇ ದಿನ ಸುರಿದರೆ ಕಪ್ಪು ಎರೆಭೂಮಿ ಎಷ್ಟು ನೀರನ್ನು ಕುಡಿದೀತು?

ಕೆಲವು ಮೊಬೈಲುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಸಾಧನವೂ ಇರುತ್ತದೆ. ಮನೆಯಲ್ಲಿ ಅಂಥ ಫೋನಿದ್ದರೆ ಒಂದೇ ಜಾಗದಲ್ಲಿಟ್ಟು ನೋಡಿ. ರಾಯಚೂರಿನ ಕೋಟೆ ಗುಡ್ಡ ಹತ್ತಿದರೆ ಚಂಡಮಾರುತವಿಲ್ಲದೆಯೂ ಒತ್ತಡ ಇಳಿಯುತ್ತದೆ, ಪ್ರತಿ ಎಂಟೊಂಬತ್ತು ಮೀಟರ್ ಎತ್ತರಕ್ಕೆ ಒಂದು ಹೆಕ್ಟೊಪ್ಯಾಸ್ಕಲ್. ಇನ್ನೊಂದು ಸೋಜಿಗ: ನಮ್ಮಂಥ ಬಿಸಿನಾಡಿನಲ್ಲಿ ಒತ್ತಡ ದಿನಕ್ಕೆರಡು ಸಲ ತಾನಾಗಿ ಏರಿಳಿಯುತ್ತದೆ. ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಹೆಚ್ಚು, ನಸುಕು ಮತ್ತು ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ಹಾಗಾಗಿ ಇವತ್ತಿನ ನಾಲ್ಕು ಗಂಟೆಯನ್ನು ನಿನ್ನೆಯ ನಾಲ್ಕು ಗಂಟೆಯ ಜೊತೆಗೇ ಹೋಲಿಸಬೇಕು. ಹಾಗೆ ಹೋಲಿಸಿದಾಗಲೂ ಒತ್ತಡ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಸುಳಿ ನಿಮ್ಮ ಕಡೆ ಬರುತ್ತಿರಬಹುದು.

ಹೀಗೆ ಬರೆದಿಡುವ ಕೆಲಸವನ್ನು ಹಚ್ಚಿಕೊಂಡವರಲ್ಲಿ ಹೆನ್ರಿ ಪಿಡಿಂಗ್ಟನ್ ಒಬ್ಬರು. ಹಡಗಿನ ಕ್ಯಾಪ್ಟನ್ ಆಗಿದ್ದ ಅವರು ಕಲ್ಕತ್ತಾದಲ್ಲಿ ನೆಲೆಸಿದ ಮೇಲೆ, ಬಿರುಗಾಳಿಗೆ ಸಿಕ್ಕ ಹಡಗುಗಳ ದಿನಚರಿ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು. ಎಷ್ಟು ಗಂಟೆಗೆ ಯಾವ ದಿಕ್ಕಿನ ಗಾಳಿ, ಒತ್ತಡ ಎಷ್ಟು ಎಂಬ ಸಾಲುಗಳನ್ನು ಹೊಂದಿಸಿ ಸುಳಿಯ ದಾರಿಯನ್ನು ಬಿಡಿಸಿದರು. ನಿಮ್ಮ ತ್ರಿಕೋನದ ಆಟವನ್ನೇ ಅವರು ಕಡಲಿನ ಮೇಲೆ ಆಡಿದ್ದರು. 1848ರಲ್ಲಿ ನಾವಿಕರಿಗಾಗಿ ಪುಸ್ತಕವನ್ನೂ ಬರೆದರು. ಬಂಗಾಳದ ಮಾತ್ಲಾ ನದಿಯ ಮೇಲೆ ಬಂದರು ಕಟ್ಟಬೇಡಿ, ಬಿರುಗಾಳಿಯ ಅಲೆ ಅದನ್ನು ಮುಳುಗಿಸುತ್ತದೆ ಎಂದು 1853ರಲ್ಲಿ ಸರ್ಕಾರಕ್ಕೆ ಪತ್ರ ಬರೆದು ಎಚ್ಚರಿಸಿದರು. ಯಾರೂ ಕೇಳಲಿಲ್ಲ, ಅಲ್ಲೇ ಪೋರ್ಟ್ ಕ್ಯಾನಿಂಗ್ ಬಂದರು ಕಟ್ಟಿದರು. 1867ರ ಬಿರುಗಾಳಿ ಅದನ್ನು ಹಾಳುಗೆಡವಿತು. ನಮ್ಮ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅದೇ ಇಲಾಖೆಗೆ ಸೇರಿದ ಅಣ್ಣಾ ಮಣಿ ಎಂಬ ವಿಜ್ಞಾನಿ, ವಿದೇಶದಿಂದ ತರಿಸುತ್ತಿದ್ದ ಹವಾಮಾನ ಉಪಕರಣಗಳನ್ನು ಭಾರತದಲ್ಲೇ ತಯಾರಿಸುವ ದಾರಿ ಮಾಡಿಕೊಟ್ಟರು.

ನೆಲದ ಮೇಲೆ ಬಂದ ಸುಳಿ ಎಲ್ಲಿಯವರೆಗೆ ಬದುಕುತ್ತದೆ? ಆವಿ ಕೊಡುವ ಕಡಲು ಕೈಬಿಟ್ಟ ಮೇಲೆ ಅದು ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಕರಗುತ್ತದೆ. ಆದರೆ 2021ರ ಗುಲಾಬ್ ಚಂಡಮಾರುತ ಕರಗಲಿಲ್ಲ. ಸೆಪ್ಟೆಂಬರ್ 26ರಂದು ಆಂಧ್ರದ ಕಳಿಂಗಪಟ್ಟಣಂ ಬಳಿ ದಡ ಸೇರಿ, ತೆಲಂಗಾಣ, ಮಹಾರಾಷ್ಟ್ರ ದಾಟಿ ಅರಬ್ಬಿ ಸಮುದ್ರಕ್ಕೆ ಇಳಿಯಿತು. ಅಲ್ಲಿ ಮತ್ತೆ ಬಿಸಿನೀರು ಸಿಕ್ಕಿ, ಶಾಹೀನ್ ಎಂಬ ಹೊಸ ಹೆಸರಿನಿಂದ ಎದ್ದು, ಅಕ್ಟೋಬರ್ 3ರಂದು ಒಮಾನ್ ದೇಶಕ್ಕೆ ಅಪ್ಪಳಿಸಿತು.

ಕೊನೆಗೆ ಕೆಲವು ಮಾತು, ಇವನ್ನು ಖಂಡಿತ ಪಾಲಿಸಿ. ಸಿಡಿಲು ಗುಡುಗಿದ ಕೂಡಲೇ ಮಾಳಿಗೆಯಿಂದ ಇಳಿದು ಮನೆಯೊಳಗೆ ಬನ್ನಿ, ಮರದ ಕೆಳಗೆ ನಿಲ್ಲಬೇಡಿ. ಹಳ್ಳ ತುಂಬಿ ರಸ್ತೆಯ ಮೇಲೆ ಹರಿಯುವಾಗ ಮೊಣಕಾಲುದ್ದ ನೀರೆಂದು ದಾಟಲು ಹೋಗಬೇಡಿ. ದೇವದುರ್ಗದ ಹೂವಿನಹೆಡಗಿ ಸೇತುವೆ ಕೃಷ್ಣೆಯಲ್ಲಿ ಮುಳುಗಿದಾಗ ನೋಡಲು ಹೋಗುವ ಗುಂಪಿನಲ್ಲಿ ನೀವಿರಬೇಡಿ. ನಿಮ್ಮ ಲೆಕ್ಕ ಏನೇ ಹೇಳಲಿ, ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡುವವರು ಹವಾಮಾನ ಇಲಾಖೆಯವರು. ಊರು ಬಿಡಿ ಎಂದು ಅಧಿಕಾರಿಗಳು ಹೇಳಿದರೆ ಬಿಡಬೇಕು. ನಿಮ್ಮ ವಹಿಯಲ್ಲಿ ದಿನಾಂಕ, ಗಂಟೆ, ಗಾಳಿಯ ದಿಕ್ಕು, ಮಳೆ ಇಷ್ಟನ್ನು ಬರೆಯುತ್ತ ಹೋಗಿ, ಮಳೆ ಬೀಳದ ದಿನ ಸೊನ್ನೆ ಎಂದು ಬರೆಯುವುದನ್ನು ಮರೆಯಬೇಡಿ. ಮಾನ್ವಿಯಲ್ಲೋ ದೇವದುರ್ಗದಲ್ಲೋ ಇರುವ ಸೋದರಮಾವನ ಮಗ, ಚಿಕ್ಕಮ್ಮನ ಮಗಳು ಯಾರಾದರೂ ಇದ್ದರೆ ಇವತ್ತೇ ಅವರಿಗೂ ಒಂದು ಬಾಟಲಿ ಕತ್ತರಿಸಲು ಹೇಳಿ.